ಹಳೇ ಸ್ಪೋರ್ಟ್ಸ್ ಕಾರಿಗೆ ಬೇರೆ ಸ್ಟೇರಿಂಗ್ ಕೂರಿಸುವುದು: ವೀಲಿಗಿಂತ ಬಾಸ್ ಮುಖ್ಯ

ಮಧ್ಯದಲ್ಲೊಂದು ನಟ್, ಸುತ್ತ ಆರು ಸ್ಕ್ರೂ, ಹಾರನ್ನಿಗೆ ಒಂದು ವೈರ್. ಲೆಕ್ಕಕ್ಕೆ ಕೆಲಸ ಇಷ್ಟೇ. ಆದರೂ ಸ್ಟೇರಿಂಗ್ ಬದಲಿಸಿದ ಮೇಲೆ ಬರುವ ದೂರುಗಳು ಯಾವಾಗಲೂ ಅವೇ: ರಸ್ತೆ ನೇರ ಇದ್ದರೂ ಸ್ಟೇರಿಂಗ್ ಸೊಟ್ಟ ನಿಲ್ಲುತ್ತೆ, ಇಂಡಿಕೇಟರ್ ತಾನಾಗಿ ಆಫ್ ಆಗಲ್ಲ, ಹಾರನ್ ಒತ್ತಿದರೆ ಸದ್ದಿಲ್ಲ, ಇಲ್ಲವೇ ತಿರುವಿನಲ್ಲಿ ಒತ್ತದೆಯೇ ಕೂಗುತ್ತೆ. ಇವುಗಳಲ್ಲಿ ಒಂದಕ್ಕೂ ಸ್ಟೇರಿಂಗ್ ವೀಲ್ ಕಾರಣವಲ್ಲ. ವೀಲಿಗೂ ಅದರ ಹಿಂದಿನ ಶಾಫ್ಟ್ ಎಂಬ ಕಂಬಿಗೂ ನಡುವೆ ಕೂರುವ ಜೋಡಣೆಯ ತುಂಡು, ಅಂದರೆ ಬಾಸ್, ಅದನ್ನು ಕೂರಿಸಿದ ರೀತಿ, ಇವೆರಡೇ ಕಾರಣ. ಹಣ ಸೀಮಿತವಾಗಿದ್ದರೆ ವೀಲನ್ನು ಸೆಕೆಂಡ್ ಹ್ಯಾಂಡ್ ತೊಗೊಳ್ಳಿ, ಬಾಸನ್ನು ಮಾತ್ರ ಹೊಸದು, ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷಕ್ಕೆ ಸರಿಯಾಗಿ ಹೊಂದುವಂಥದ್ದು ತೊಗೊಳ್ಳಿ.

ಮೊದಲು ಏರ್‌ಬ್ಯಾಗ್ ವಿಚಾರ ತೀರ್ಮಾನವಾಗಲಿ

ಗಾಡಿ ಹುಟ್ಟುವಾಗಲೇ ಏರ್‌ಬ್ಯಾಗ್ ಇಲ್ಲದ್ದಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಇದ್ದರೆ, ಅದನ್ನು ಕಿತ್ತು ಬರೀ ವೀಲ್ ಹಾಕುವುದು ನಮ್ಮ ಪ್ರಕಾರ ಒಳ್ಳೆಯ ವ್ಯಾಪಾರವಲ್ಲ. ವಿಮೆ, ತಪಾಸಣೆಯ ತೊಡಕು ಒಂದು ಕಡೆ. ಇನ್ನೊಂದು ಕಡೆ, ಎಷ್ಟೋ ಗಾಡಿಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮತ್ತು ಬೆಲ್ಟ್ ಬಿಗಿಮಾಡುವ ಸಾಧನವನ್ನೂ ಅದೇ ಕಂಟ್ರೋಲ್ ಯೂನಿಟ್ ನೋಡಿಕೊಳ್ಳುತ್ತದೆ. ಒಂದು ಸರ್ಕ್ಯೂಟ್ ಕಾಣೆಯಾದರೆ ಅದು ಇಡೀ ವ್ಯವಸ್ಥೆಯನ್ನೇ ಮಲಗಿಸಬಹುದು. ಕನೆಕ್ಟರಿಗೆ ರೆಸಿಸ್ಟರ್ ಸಿಕ್ಕಿಸಿ ಡ್ಯಾಶಿನ ಏರ್‌ಬ್ಯಾಗ್ ಎಚ್ಚರಿಕೆ ಲೈಟ್ ಆರಿಸುವ ಉಪಾಯ ಎಲ್ಲರಿಗೂ ಗೊತ್ತು. ಅದು ಲೈಟಿನ ಬಾಯಿ ಮುಚ್ಚಿಸುತ್ತೆ, ಅಷ್ಟೇ.

ಸವೆದ ಏರ್‌ಬ್ಯಾಗ್ ವೀಲ್ ತೆಗೆದು ಅದೇ ಮಾದರಿಯ ಇನ್ನೊಂದು ಹಾಕುವುದಾದರೂ ಕ್ರಮ ತಪ್ಪಬಾರದು. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ವೈರ್ ತಾನಾಗಿ ತಾಗದಂತೆ ಬಟ್ಟೆ ಸುತ್ತಿಡಿ. ಬ್ಯಾಟರಿ ಕಿತ್ತರೂ ಏರ್‌ಬ್ಯಾಗ್ ಯೂನಿಟ್ಟಿನ ಕೆಪಾಸಿಟರಿನಲ್ಲಿ ಸಿಡಿಸುವಷ್ಟು ಚಾರ್ಜ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಗಾಡಿಯ ವರ್ಕ್‌ಶಾಪ್ ಮ್ಯಾನುಯಲ್ ಹೇಳುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಅರ್ಧ ಗಂಟೆ ಬಿಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಹಚ್ಚಬೇಡಿ, ಅದು ಸಿಡಿಯಲು ಮೀಟರಿನ ಸಣ್ಣ ಕರೆಂಟೇ ಸಾಕಾಗಬಹುದು. ತೆಗೆದ ಏರ್‌ಬ್ಯಾಗನ್ನು ಅದರ ಮುಖ ಮೈಯಿಂದ ಆಚೆಗಿರುವಂತೆ ಹಿಡಿದು ಒಯ್ಯಿರಿ, ಮುಖ ಮೇಲಾಗಿ ಮಲಗಿಸಿ. ಕವುಚಿಟ್ಟರೆ, ಸಿಡಿದಾಗ ಇಡೀ ಯೂನಿಟ್ ಛಾವಣಿಗೆ ಹಾರುತ್ತದೆ.

ಏರ್‌ಬ್ಯಾಗ್ ಗಾಡಿಯಲ್ಲಿ ವೀಲಿನ ಹಿಂದೆ ಕ್ಲಾಕ್ ಸ್ಪ್ರಿಂಗ್ ಇರುತ್ತದೆ. ಟೇಪಿನ ಹಾಗೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಅದು. ವೀಲ್ ತೆಗೆದ ತಕ್ಷಣ ಅದು ತಿರುಗದಂತೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಕಸ್ಮಾತ್ ತಿರುಗಿಬಿಟ್ಟರೆ, ಮೆಲ್ಲಗೆ ಒಂದು ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ, ಅದರ ಅರ್ಧದಷ್ಟು ವಾಪಸ್ ತನ್ನಿ. ಮಧ್ಯ ತಪ್ಪಿ ಕೂರಿಸಿದರೆ ಮೊದಲ ಫುಲ್ ಲಾಕಿಗೇ, ಅಂದರೆ ವೀಲನ್ನು ಒಂದು ಕೊನೆಯವರೆಗೆ ತಿರುಗಿಸಿದಾಗಲೇ, ಕೇಬಲ್ ಹರಿಯುತ್ತದೆ.

ಕೊಳ್ಳುವಾಗ ನೋಡಬೇಕಾದ ಅಳತೆಗಳು

ವೀಲಿನ ಆರು ತೂತುಗಳು ಕೂರುವ ವೃತ್ತದ ಅಳತೆ ಎರಡು ಪದ್ಧತಿಯಲ್ಲಿ ಬರುತ್ತದೆ. ಮೊಮೊ, ಸ್ಪಾರ್ಕೊ, ಒಎಂಪಿ ವೀಲುಗಳದ್ದು 70 ಮಿ.ಮೀ. ವ್ಯಾಸದ ವೃತ್ತ. ನಾರ್ಡಿ, ಪರ್ಸನಲ್ ವೀಲುಗಳದ್ದು 74. ಅಳೆಯುವುದು ಸುಲಭ: ಎದುರುಬದುರು ಇರುವ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ. ಎರಡರ ನಡುವೆ 4 ಮಿ.ಮೀ. ಅಷ್ಟೇ ವ್ಯತ್ಯಾಸ ಎಂದು ತೂತನ್ನು ಉಜ್ಜಿ ಅಂಡಾಕಾರ ಮಾಡಿ ಹೊಂದಿಸುವವರಿದ್ದಾರೆ. ಆಮೇಲೆ ಸ್ಕ್ರೂ ಬಿಗಿ ಸಡಿಲವಾದಾಗ ವೀಲ್ ಆ ಸಂದಿನಲ್ಲಿ ಜಾರುತ್ತದೆ. ಎರಡೂ ಅಳತೆಯ ತೂತಿರುವ ಬಾಸ್ ಸಿಗುತ್ತವೆ, ಅಡಾಪ್ಟರ್ ತಟ್ಟೆಯೂ ಸಿಗುತ್ತದೆ.

ವ್ಯಾಸದ ಬಗ್ಗೆ ಆಸೆ ಬೇಡ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ 380 ಮಿ.ಮೀ. ಇದ್ದದ್ದನ್ನು 350 ಮಾಡಿದರೆ ಕೈಬಲ ಶೇ. 9ರಷ್ಟು ಹೆಚ್ಚು ಬೇಕು. 320ಕ್ಕೆ ಇಳಿಸಿದರೆ ಶೇ. 19. ಓಡುವಾಗ ಗೊತ್ತಾಗದ ಈ ಭಾರ ಪಾರ್ಕಿಂಗಿನಲ್ಲಿ ಭುಜಕ್ಕೆ ಗೊತ್ತಾಗುತ್ತದೆ. ಚಿಕ್ಕ ವೀಲಿನ ಮೇಲ್ಭಾಗ ಮೀಟರುಗಳ ಮೇಲಂಚಿಗೆ ಅಡ್ಡ ಬರುವುದೂ ಉಂಟು. ಕೊಳ್ಳುವ ಮುಂಚೆ ರಟ್ಟಿನಲ್ಲಿ ಅದೇ ವ್ಯಾಸದ ಬಳೆ ಕತ್ತರಿಸಿ ಹಿಡಿದು ನೋಡಿ. ಸ್ಪೀಡೋಮೀಟರ್ ಕಾಣದ ವೀಲ್ ಎಷ್ಟು ಚೆಂದವಿದ್ದರೇನು?

ಇನ್ನೊಂದು ಅಳತೆ ಆಳದ್ದು. ಚಪ್ಪಟೆ ವೀಲೋ, ಬಟ್ಟಲಿನಂತೆ ಚಾಲಕನ ಕಡೆ ಬರುವ ಡೀಪ್ ಡಿಶ್ ವೀಲೋ ಎನ್ನುವುದನ್ನು ಬಾಸಿನ ಉದ್ದದ ಜೊತೆ ಸೇರಿಸಿ ನೋಡಬೇಕು. ಬೆನ್ನು ಸೀಟಿಗೆ ಒರಗಿರುವಾಗಲೇ ಚಾಚಿದ ಕೈಯ ಮಣಿಕಟ್ಟು ವೀಲಿನ ಮೇಲಂಚಿನ ಮೇಲೆ ಕೂರಬೇಕು, ವೀಲ್ ಹಿಡಿದ ಕೈಯ ಬೆರಳಿಗೆ ಇಂಡಿಕೇಟರ್ ಕಡ್ಡಿ ಸಿಗಬೇಕು. ಉದ್ದ ಬಾಸಿಗೆ ಡೀಪ್ ಡಿಶ್ ಹಾಕಿದಾಗ ಎರಡನೆಯದು ಕೈತಪ್ಪುತ್ತದೆ.

ಹೆಸರಾಂತ ಬ್ರಾಂಡುಗಳ ನಕಲು ವೀಲುಗಳಲ್ಲಿ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳ (ಸ್ಪೋಕ್) ತಗಡು ತೆಳ್ಳಗಿರುತ್ತದೆ. ಎದೆಗೆ ಆನಿಸಿಕೊಂಡು ಎರಡೂ ಕೈಯಿಂದ ಅಂಚನ್ನು ಒತ್ತಿದರೆ ಬಾಗುವಂಥದ್ದನ್ನು ಗೋಡೆಗೆ ನೇತುಹಾಕಿ, ಗಾಡಿಗೆ ಬೇಡ.

ಬಿಚ್ಚುವುದು

ಬೇಕಾಗುವ ಸಾಮಾನು: ನಟ್ಟಿನ ಅಳತೆಯ ಸಾಕೆಟ್ (ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ಕ್ಕೆ 21 ಮಿ.ಮೀ., ಬೇರೆ ಗಾಡಿಗಳಿಗೆ ಬೇರೆ), ಟಾರ್ಕ್ ರೆಂಚ್ (ಬಿಗಿಯನ್ನು ಅಳೆಯುವ ಪಾನಾ), ಸ್ಟೇರಿಂಗ್ ಪುಲ್ಲರ್ (ವೀಲನ್ನು ಎಳೆದು ತೆಗೆಯುವ ಸಾಧನ), ಅಲೆನ್ ಕೀ ಸೆಟ್, ಮಲ್ಟಿಮೀಟರ್, ಬಿಳಿ ಪೇಂಟ್ ಮಾರ್ಕರ್, ಮಾಸ್ಕಿಂಗ್ ಟೇಪ್, ನೀಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು).

ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ನೇರ ಓಡಿಸಿ, ವೀಲನ್ನು ಅಲ್ಲಾಡಿಸದೆ ನಿಲ್ಲಿಸಿ. ನಿಂತ ಮೇಲೆ ಕಣ್ಣಂದಾಜಿನಲ್ಲಿ ನೇರ ಮಾಡಿದರೆ ನಂಬಬೇಡಿ. ಈಗ ವೀಲಿನ ನೆತ್ತಿಗೆ ಒಂದು ತುಂಡು ಟೇಪ್, ಅದರ ನೇರಕ್ಕೆ ಶಾಫ್ಟನ್ನು ಮುಚ್ಚಿರುವ ಕಾಲಮ್ ಕವರಿನ ಮೇಲೆ ಇನ್ನೊಂದು ತುಂಡು. ಹಳೇ ವೀಲ್ ಸೊಟ್ಟ ನಿಂತಿದ್ದರೆ ಅದೂ ಈಗಲೇ ಗೊತ್ತಾಗುತ್ತದೆ. ಆಗ ಅದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಆ ತಪ್ಪು ಹೆಚ್ಚಾಗಿ ಕೆಳಗೆ, ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡಿನಲ್ಲಿರುತ್ತದೆ, ಹೊಸ ವೀಲಿಗೂ ಹಾಗೇ ಬರುತ್ತದೆ.

ಬ್ಯಾಟರಿ ಬಿಚ್ಚಿ, ಹಾರನ್ ಪ್ಯಾಡ್ ತೆಗೆಯಿರಿ. ಕೆಲವು ಗಾಡಿಯಲ್ಲಿ ಅದು ಎಳೆದರೆ ಬರುತ್ತದೆ, ಕೆಲವುಗಳಲ್ಲಿ ಒತ್ತಿ ಕಾಲು ಸುತ್ತು ತಿರುಗಿಸಬೇಕು, ಇನ್ನು ಕೆಲವಕ್ಕೆ ಕಡ್ಡಿಗಳ ಹಿಂದಿನಿಂದ ಸ್ಕ್ರೂ ಇರುತ್ತವೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟುವ ಮುನ್ನ ಹಿಂದೆ ಕೈಯಾಡಿಸಿ ನೋಡಿ. ಮೂವತ್ತು ವರ್ಷದ ಪ್ಲಾಸ್ಟಿಕ್ ಒಮ್ಮೆ ಮುರಿದರೆ ಮತ್ತೆ ಸಿಗುವುದು ಕಷ್ಟ.

ನಟ್ ಸಡಿಲಿಸುವಾಗ ವೀಲ್ ತಿರುಗದಂತೆ ಇನ್ನೊಬ್ಬರು ಹಿಡಿದುಕೊಳ್ಳಲಿ. ಸ್ಟೇರಿಂಗ್ ಲಾಕಿನ ಆಸರೆಯಲ್ಲಿ ನಟ್ ತಿರುಗಿಸಿದರೆ ಲಾಕಿನ ನಾಲಿಗೆ ಮುರಿಯುತ್ತದೆ. ನಟ್ ಪೂರ್ತಿ ತೆಗೆಯದೆ ಮೂರ್ನಾಲ್ಕು ಥ್ರೆಡ್ ಉಳಿಸಿ. ಶಾಫ್ಟಿನ ತುದಿಗೂ ವೀಲಿನ ನಡುಭಾಗವಾದ ಹಬ್ಬಿಗೂ ಒಂದೇ ಗೆರೆ ಬರುವಂತೆ ಪೇಂಟ್ ಮಾರ್ಕರಿನಿಂದ ಗುರುತು ಹಾಕಿ. ಆಮೇಲೆ ಎಡ ಬಲ ಅಂಗೈಯಿಂದ ಒಂದಾದ ಮೇಲೊಂದು ಹಿಂದಿನಿಂದ ಬಡಿದು ಎಳೆಯಿರಿ. ವೀಲ್ ಬಿಟ್ಟುಕೊಂಡಾಗ ನೇರ ನಿಮ್ಮ ಹಲ್ಲಿಗೇ ಬರುತ್ತದೆ, ಉಳಿಸಿದ ನಟ್ ಅದನ್ನು ತಡೆಯುತ್ತದೆ.

ಬರದಿದ್ದರೆ ಪುಲ್ಲರ್. ಹಬ್ಬಿನಲ್ಲಿ ಸಾಮಾನ್ಯವಾಗಿ ಎರಡು ಥ್ರೆಡ್ ತೂತುಗಳಿರುತ್ತವೆ, ಬೋಲ್ಟನ್ನು ಅವಕ್ಕೆ ಕೈಯಲ್ಲೇ ಸರಾಗ ಹತ್ತುವವರೆಗೆ ಹೊಂದಿಸಿ. ಬೋಲ್ಟ್ ತೀರಾ ಒಳಗೆ ಹೋದರೆ ಹಿಂದಿನ ಇಂಡಿಕೇಟರ್ ಸ್ವಿಚ್ ಅಥವಾ ಕ್ಲಾಕ್ ಸ್ಪ್ರಿಂಗನ್ನು ಚುಚ್ಚುತ್ತದೆ. ಪುಲ್ಲರಿನ ಮೊನೆ ಶಾಫ್ಟಿನ ಥ್ರೆಡ್ ಕೆಡಿಸದಂತೆ ನಡುವೆ ಹಿತ್ತಾಳೆಯ ತುಂಡು ಇಡಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ.

ಶಾಫ್ಟಿನ ತುದಿಗೆ ಸುತ್ತಿಗೆ ಏಟು ಮಾತ್ರ ಬೇಡ. ಅಪಘಾತದಲ್ಲಿ ಒಳಕ್ಕೆ ಕುಸಿಯಲೆಂದೇ ಮಾಡಿದ ಕಾಲಮ್ಮುಗಳಲ್ಲಿ ಒಳಗೊಂದು ಹೊರಗೊಂದು ಎಂಬ ಎರಡು ಭಾಗವನ್ನು ಎಷ್ಟೋ ಸಲ ಹಿಡಿದಿರುವುದು ಸಣ್ಣ ಪ್ಲಾಸ್ಟಿಕ್ ಪಿನ್ನುಗಳು. ನಾಲ್ಕು ಏಟಿಗೆ ಅವು ಕತ್ತರಿಸಿ ಹೋಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ವೀಲ್ ಹಿಂದೆ ಮುಂದೆ ಅಲುಗಾಡುತ್ತದೆ, ಪೂರ್ತಿ ಕಾಲಮ್ ಬದಲಿಸುವ ಖರ್ಚು ಬರುತ್ತದೆ.

ಬಾಸ್ ಕೂರಿಸುವುದು

ಹಳೇ ವೀಲನ್ನು ಕವುಚಿ ಮೇಜಿನ ಮೇಲಿಡಿ, ಪಕ್ಕದಲ್ಲಿ ಹೊಸ ಬಾಸನ್ನೂ ಕವುಚಿಡಿ. ಐದು ನಿಮಿಷ ಎರಡನ್ನೂ ಹೋಲಿಸಿ ನೋಡಿದರೆ ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ. ಹಬ್ಬಿನ ಸುತ್ತ ಎರಡು ಸಣ್ಣ ಮೊನೆಗಳು ಅಥವಾ ಕಚ್ಚುಗಳು ಕಾಣುತ್ತವೆ. ತಿರುವು ಮುಗಿದು ವೀಲ್ ವಾಪಸ್ ಬರುವಾಗ ಇಂಡಿಕೇಟರ್ ಕಡ್ಡಿಯನ್ನು ತಳ್ಳಿ ಆಫ್ ಮಾಡುವುದು ಇವೇ. ಹಳೇ ವೀಲಿನ ನೆತ್ತಿ ಮೇಲಿರುವಾಗ ಅವು ಯಾವ ದಿಕ್ಕಿಗಿದ್ದವೋ, ಬಾಸಿನ ನೆತ್ತಿ ಮೇಲಿರುವಾಗಲೂ ಅದೇ ದಿಕ್ಕಿಗಿರಬೇಕು, ಅಷ್ಟೇ ಉದ್ದವಿರಬೇಕು. ಗಿಡ್ಡವಾದರೆ ಎರಡೂ ಕಡೆಯ ಇಂಡಿಕೇಟರ್ ಆಫ್ ಆಗುವುದಿಲ್ಲ. ದಿಕ್ಕು ತಪ್ಪಿದರೆ ಒಂದು ಕಡೆಯದು ಬೇಗ ಆಫ್ ಆಗುತ್ತದೆ, ಇನ್ನೊಂದು ಆಗುವುದೇ ಇಲ್ಲ. ಕೆಲವು ಗಾಡಿಗಳಲ್ಲಿ ಈ ಭಾಗ ಪ್ಲಾಸ್ಟಿಕ್ಕಿನ ಬೇರೆ ಬಿಲ್ಲೆಯಾಗಿದ್ದು, ಹಳೇ ವೀಲಿನಿಂದ ಕಿತ್ತು ಬಾಸಿಗೆ ಹಾಕಬೇಕು. ಹಾರನ್ನಿನ ತಾಮ್ರದ ಬಳೆಯೂ ಎರಡರಲ್ಲೂ ಒಂದೇ ವ್ಯಾಸದಲ್ಲಿದೆಯೇ ನೋಡಿ.

ಶಾಫ್ಟಿನ ಹಲ್ಲುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಒಣಗಿಸಿ. ಬಾಸನ್ನು ಮೊದಲು ನಟ್ ಇಲ್ಲದೆ ಕೈಯಿಂದ ತಳ್ಳಿ ನೋಡಿ. ಹಲ್ಲು ಹಲ್ಲಿಗೆ ಕೂತು ಅರ್ಧಕ್ಕಿಂತ ಹೆಚ್ಚು ಸರಾಗ ಹೋಗಬೇಕು. ಬಲವಂತ ಮಾಡಿದರೆ ಅಲ್ಯೂಮಿನಿಯಂ ಬಾಸಿನ ಹಲ್ಲು ಹೊಸದಾಗಿ ಕೊರೆದುಕೊಂಡು ಹೋಗುತ್ತದೆ, ಹೊಂದಿದ ಹಾಗೇ ಕಾಣುತ್ತದೆ, ಅಪಾಯ ಅಲ್ಲೇ ಇದೆ.

ಬಾಸಿನ ಮೇಲೆ ನೆತ್ತಿಯ ಗುರುತು ಇರುತ್ತದೆ, ಅದು ಟೇಪಿನ ಗುರುತಿಗೆ ನೇರವಾಗಿ ಬರಲಿ. ವೀಲಿನ ತೂತುಗಳು 60 ಡಿಗ್ರಿಗೊಂದರಂತೆ ಇರುವುದರಿಂದ ಸಣ್ಣ ಸೊಟ್ಟನ್ನು ಅಲ್ಲಿ ತಿದ್ದಲಾಗದು, ಇಲ್ಲೇ ತಿದ್ದಬೇಕು. 36 ಹಲ್ಲಿನ ಶಾಫ್ಟಿನಲ್ಲಿ ಒಂದು ಹಲ್ಲು ಎಂದರೆ 10 ಡಿಗ್ರಿ. ಅದಕ್ಕಿಂತ ಕಡಿಮೆ ಸೊಟ್ಟು ಉಳಿದರೆ ಟೈ ರಾಡುಗಳನ್ನು ಸರಿಮಾಡಬೇಕು: ಒಂದು ಕಡೆ ಎಷ್ಟು ಗಿಡ್ಡ ಮಾಡಿದಿರೋ ಇನ್ನೊಂದು ಕಡೆ ಅಷ್ಟೇ ಉದ್ದ. ಒಂದೇ ಕಡೆ ತಿರುಗಿಸಿದರೆ ಟೋ (ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ಇರುವ ಕೋನ) ಕೆಟ್ಟು ಟೈರ್ ಸವೆಯುತ್ತದೆ.

ನಟ್ ಸೆಲ್ಫ್ ಲಾಕಿಂಗ್ (ತಾನಾಗಿ ಸಡಿಲವಾಗದಂಥದ್ದು) ಆಗಿದ್ದರೆ ಹೊಸದು ಹಾಕಿ, ವಾಷರ್ ಇದ್ದರೆ ಮರೆಯಬೇಡಿ. ಬಿಗಿ ಎಷ್ಟು ಎಂಬುದು ನಿಮ್ಮ ಗಾಡಿಯ ಮ್ಯಾನುಯಲಿನ ಮಾತು. ಮೇಲೆ ಹೇಳಿದ ಮಾಜ್ದಾಕ್ಕೆ 39ರಿಂದ 49 ನ್ಯೂಟನ್ ಮೀಟರ್, ಬೇರೆ ಗಾಡಿಗೆ ಈ ಅಂಕಿ ಹಚ್ಚಬೇಡಿ. ಬಿಗಿಯಾದ ಮೇಲೆ ಶಾಫ್ಟಿನ ತುದಿ ನಟ್ಟಿನ ಮೇಲ್ಮೈಗೆ ಸಮ ಇಲ್ಲವೇ ತುಸು ಹೊರಗೆ ಕಾಣಬೇಕು. ನಟ್ ಥ್ರೆಡ್ಡಿನ ಕೊನೆಗೆ ಹೋಗಿ ಗಟ್ಟಿಯಾಗಿದ್ದು, ಬಾಸ್ ಮಾತ್ರ ಅಲುಗಾಡುತ್ತಿದ್ದರೆ ಆ ಬಾಸ್ ನಿಮ್ಮ ಶಾಫ್ಟಿನದಲ್ಲ. ವಾಷರ್ ಪೇರಿಸಿ ಹೊಂದಿಸಬೇಡಿ, ವಾಪಸ್ ಕೊಡಿ.

ಹಾರನ್, ಸ್ಕ್ರೂ

ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಹಾರನ್ ರಿಲೇಗೆ ಪ್ಲಸ್ ಯಾವಾಗಲೂ ಇರುತ್ತದೆ, ಬಟನ್ ಒತ್ತಿದಾಗ ಅರ್ತ್ ಸಿಗುತ್ತದೆ. ಅಂದರೆ ಒಂದೇ ವೈರ್ ಮೇಲೆ ಬರುತ್ತದೆ, ವಾಪಸ್ ದಾರಿ ಬಟನ್, ವೀಲ್, ಬಾಸ್, ಶಾಫ್ಟ್ ಮೂಲಕ. ಕಪ್ಪು ಆನೊಡೈಸ್ ಮಾಡಿದ ಬಾಸಿನ ಮೇಲ್ಮೈ ಕರೆಂಟ್ ಬಿಡುವುದಿಲ್ಲ. ಬಟನ್ನಿನ ಎರಡನೇ ಕಾಲಿನಿಂದ ಒಂದು ಗಿಡ್ಡ ವೈರ್ ಎಳೆದು ಬಾಸಿನ ಬರಿ ಲೋಹಕ್ಕೆ ಸೇರಿಸಿ. ಆದರೂ ಸದ್ದಿಲ್ಲದಿದ್ದರೆ ಮಲ್ಟಿಮೀಟರಿನಲ್ಲಿ ಶಾಫ್ಟಿಗೂ ಗಾಡಿಯ ಬಾಡಿಗೂ ನಡುವೆ ಕರೆಂಟ್ ಹರಿಯುವ ದಾರಿ ಇದೆಯೇ ನೋಡಿ. ಕಾಲಮ್ಮಿನ ಕೆಳಗೆ ರಬ್ಬರ್ ಕಪ್ಲಿಂಗ್ ಇರುವ ಗಾಡಿಯಲ್ಲಿ ಅದನ್ನು ದಾಟಿಸುವ ಅರ್ತ್ ಪಟ್ಟಿ ಕಿತ್ತುಹೋಗಿರುವುದು ಮಾಮೂಲು. ತಿರುವಿನಲ್ಲಿ ತಾನಾಗಿ ಕೂಗಿದರೆ ವೈರ್ ಎಲ್ಲೋ ಬಾಸಿನ ಅಂಚಿಗೆ ಸಿಕ್ಕಿ ಸಿಪ್ಪೆ ಸುಲಿದಿದೆ.

ಸ್ಕ್ರೂ ಎಂ5, ಅಂದರೆ 5 ಮಿ.ಮೀ. ವ್ಯಾಸದ್ದು. ವೀಲಿನ ತೂತಿನ ಬಾಯಿ ಒಳಕ್ಕೆ ಇಳಿಜಾರಾಗಿದ್ದರೆ ಚಪ್ಪಟೆ ತಲೆಯದು, ನೇರವಾಗಿದ್ದರೆ ಗುಂಡು ತಲೆಯದು. ಅದಲುಬದಲಾದರೆ ತಲೆ ಅಂಚಿನಲ್ಲಷ್ಟೇ ಕೂರುತ್ತದೆ, ಬೇಗ ಸಡಿಲವಾಗುತ್ತದೆ. ಥ್ರೆಡ್ ಬಾಸಿನೊಳಗೆ ಕನಿಷ್ಠ 8 ಮಿ.ಮೀ. ಇಳಿಯಬೇಕು, ತಳಕ್ಕೆ ಬಡಿಯಬಾರದು. ಒಂದೊಂದಕ್ಕೆ ಒಂದೇ ಹನಿ ನೀಲಿ ಥ್ರೆಡ್ ಲಾಕ್ ಹಾಕಿ, ಆರನ್ನೂ ಮೊದಲು ಬೆರಳಲ್ಲಿ ಹತ್ತಿಸಿ, ಎದುರುಬದುರಿನ ಕ್ರಮದಲ್ಲಿ 4ರಿಂದ 5 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಅಲೆನ್ ಕೀಯ ಗಿಡ್ಡ ಕಾಲು ಹಿಡಿದು ತಿರುಗಿಸಿದರೆ ಹದ ತಪ್ಪುವುದಿಲ್ಲ.

ಬ್ಯಾಟರಿ ಹಾಕಿದ ಮೇಲೆ ವೀಲನ್ನು ನಿಮ್ಮ ಕಡೆ ಎಳೆದು, ಡ್ಯಾಶ್ ಕಡೆ ತಳ್ಳಿ, ಮೇಲೆ ಕೆಳಗೆ ಅಲುಗಿಸಿ ನೋಡಿ. ಎರಡೂ ಕಡೆ ಫುಲ್ ಲಾಕಿಗೆ ತಿರುಗಿಸುತ್ತ ಉದ್ದಕ್ಕೂ ಹಾರನ್ ಒತ್ತಿ. ಎಡ ಬಲ ಇಂಡಿಕೇಟರ್ ಹಾಕಿ ತಿರುಗಿಸಿ ವಾಪಸ್ ತನ್ನಿ. ಕೀ ತೆಗೆದು ಸ್ಟೇರಿಂಗ್ ಲಾಕ್ ಬೀಳುತ್ತದೆಯೇ, ಮತ್ತೆ ಬಿಡುತ್ತದೆಯೇ ನೋಡಿ. ಮೊದಲ ಸವಾರಿ ಖಾಲಿ ಜಾಗದಲ್ಲಿ ನಡಿಗೆಯ ವೇಗಕ್ಕೆ ಸಾಕು. 100 ಕಿ.ಮೀ. ಓಡಿದ ಮೇಲೆ ಹಾರನ್ ಬಟನ್ ತೆಗೆದು ನಟ್ಟಿಗೆ ಟಾರ್ಕ್ ರೆಂಚ್ ಹಚ್ಚಿ. ಅದು ಸ್ವಲ್ಪವಾದರೂ ತಿರುಗಿದರೆ ಬಾಸ್ ಇನ್ನೂ ಕೂರುತ್ತಿದೆ ಎಂದರ್ಥ, ಮುಂದಿನ 100ಕ್ಕೆ ಮತ್ತೆ ನೋಡಿ. ಎರಡನೇ ಸಲವೂ ತಿರುಗಿದರೆ ಬಾಸ್ ಬಿಚ್ಚಿ ಒಳಗಿನ ಹಲ್ಲು ಪರೀಕ್ಷಿಸಿ.