42 ಕಿಲೋಮೀಟರ್ ದಾಟದ ಅಭ್ಯಾಸ, 100 ಕಿಲೋಮೀಟರ್ ನಡಿಗೆ

ಸಹಾಯಾರ್ಥ ನಡಿಗೆಯಲ್ಲಿ 100 ಕಿಲೋಮೀಟರ್ ಮುಗಿಸಬೇಕೆನ್ನುವವರು ಅಭ್ಯಾಸದ ದಿನಗಳಲ್ಲಿ ಒಮ್ಮೆಯಾದರೂ 70 ಕಿಲೋಮೀಟರನ್ನು ಒಂದೇ ಬಾರಿಗೆ ನಡೆದಿರಬೇಕು ಎಂಬುದು ನನ್ನ ಜೊತೆಯ ನಡಿಗೆದಾರರಲ್ಲಿ ಬಹುತೇಕರ ನಂಬಿಕೆ. ಈ ಬಾರಿ ನಾನು 42 ಕಿಲೋಮೀಟರನ್ನು ಒಮ್ಮೆಯೂ ದಾಟಲಿಲ್ಲ. ಯೋಜನೆಯನ್ನು ಮೊದಲೇ ಹೇಳಿದ್ದಾಗ ಒಬ್ಬ ಹಿರಿಯರು, ಅರವತ್ತನೆಯ ಕಿಲೋಮೀಟರಿನ ಬಳಿ ನಿಮಗಾಗಿ ಒಂದು ವಾಹನ ನಿಲ್ಲಿಸಿರುತ್ತೇವೆ ಎಂದು ನಕ್ಕಿದ್ದರು. 30 ಗಂಟೆಗಳ ಗಡುವಿದ್ದ ನಡಿಗೆಯನ್ನು ಹೆಚ್ಚುಕಡಿಮೆ ಇಪ್ಪತ್ತಮೂರೂವರೆ ಗಂಟೆಗಳಲ್ಲಿ ಮುಗಿಸಿದ್ದರಿಂದ ಆ ವಾಹನ ಬೇಕಾಗಲಿಲ್ಲ.

ಹಿಂದಿನ ವರ್ಷದ ಸೋಲನ್ನು ಹೇಳದೆ ಇದನ್ನು ವಿವರಿಸಲಾಗದು. ಆಗ ಎಲ್ಲರ ಮಾತಿನಂತೆ ಮೂರು ವಾರಗಳಿಗೊಮ್ಮೆ ದೂರವನ್ನು ಏರಿಸುತ್ತ 64 ಕಿಲೋಮೀಟರ್‌ವರೆಗೆ ಹೋಗಿದ್ದೆ. ಅಂಥ ಪ್ರತಿಯೊಂದು ನಡಿಗೆಯ ನಂತರ ಸುಮಾರು ಹತ್ತು ದಿನ ಕಾಲು ಕೆಲಸಕ್ಕೆ ಬರುತ್ತಿರಲಿಲ್ಲವಾದ್ದರಿಂದ, ದೊಡ್ಡ ಅಂಕಿಯೊಂದನ್ನು ಬಿಟ್ಟರೆ ತಿಂಗಳ ಒಟ್ಟು ನಡಿಗೆ ಕಡಿಮೆಯಾಗುತ್ತಲೇ ಹೋಯಿತು. ಕೊನೆಯ ತಿಂಗಳಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಉದ್ದಕ್ಕೂ ನೋವು ಶುರುವಾಗಿತ್ತು. ಅದನ್ನು ಯಾರಿಗೂ ಹೇಳದೆ ಹೊರಟು 68ನೆಯ ಕಿಲೋಮೀಟರಿನಲ್ಲಿ ಕುಳಿತುಬಿಟ್ಟೆ.

ಆ ಕುಳಿತದ್ದಕ್ಕೆ ಹಣದ ಲೆಕ್ಕವೂ ಇತ್ತು. ನನ್ನ ದಾನಿಗಳಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಕಿಲೋಮೀಟರಿಗೆ ಇಷ್ಟು ಎಂದು ಮಾತು ಕೊಟ್ಟಿದ್ದರು, ಆದ್ದರಿಂದ ನಡೆಯದೆ ಉಳಿದ 32 ಕಿಲೋಮೀಟರಿನ ಹಣ ಸಹಾಯನಿಧಿಗೆ ಬರಲೇ ಇಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಎರಡು ಜೊತೆ ದುಬಾರಿ ಶೂ, ಬೆನ್ನುಚೀಲ, ಊರುಗೋಲು, ಪ್ರಯಾಣ ಎಂದು ನನ್ನ ಜೇಬಿನಿಂದ ಹೋದದ್ದನ್ನು ಕೂಡಿಸಿದರೆ ಅದು ಸಂಗ್ರಹವಾದ ದೇಣಿಗೆಯ ಐದರಲ್ಲಿ ಎರಡು ಪಾಲಿನಷ್ಟಾಗಿತ್ತು. ನಡೆಯದೆ ಆ ಹಣವನ್ನೇ ನಿಧಿಗೆ ಕೊಟ್ಟಿದ್ದರೆ ಕಾಲಾದರೂ ಉಳಿಯುತ್ತಿತ್ತು. ಈ ಬಾರಿ ಖರ್ಚು ಹತ್ತರಲ್ಲಿ ಒಂದು ಪಾಲನ್ನು ಮೀರಲಿಲ್ಲ, ದೇಣಿಗೆ ಒಂದೂಮುಕ್ಕಾಲು ಪಟ್ಟು ಬಂತು.

ಕ್ರಮ ಸರಳ. ಸುಮಾರು 22 ವಾರಗಳ ಅಭ್ಯಾಸದಲ್ಲಿ, ಒಂದು ವಾರ ಬಿಟ್ಟು ಒಂದು ವಾರ, ಎರಡು ದಿನ ಬೆನ್ನುಬೆನ್ನಿಗೆ ನಡೆದೆ. ಮೊದಲ ದಿನ 18, ಮರುದಿನ 12 ಎಂದು ತೊಡಗಿ ಕೊನೆಗೆ 32 ಮತ್ತು 24ಕ್ಕೆ ತಲುಪಿಸಿದೆ; 42 ಕಿಲೋಮೀಟರ್ ನಡೆದದ್ದು ಒಂದೇ ಸಲ, ಅದೂ ಸಂಜೆ ಹೊರಟು ರಾತ್ರಿಯಿಡೀ. ಇದರಲ್ಲಿ ಮುಖ್ಯವಾದದ್ದು ಎರಡನೆಯ ದಿನ. ತೊಡೆ ಬಿಗಿದಿರುವಾಗ, ಹಿಮ್ಮಡಿ ನೆಲಕ್ಕೆ ತಾಗಿದರೆ ಮುಖ ಕಿವುಚುವಂತಾಗಿರುವಾಗ ಹೊರಡುವ ಆ ಮೊದಲ ಎರಡು ಕಿಲೋಮೀಟರುಗಳೇ ದೊಡ್ಡ ನಡಿಗೆಯ ಎಪ್ಪತ್ತನೆಯ ಕಿಲೋಮೀಟರನ್ನು ಕಾಲಿಗೆ ಪರಿಚಯಿಸುತ್ತವೆ, ಆದರೆ ಅದಕ್ಕಾಗಿ ಹತ್ತು ದಿನಗಳ ವಿಶ್ರಾಂತಿಯನ್ನು ತೆರಬೇಕಾಗುವುದಿಲ್ಲ. ಕೊನೆಯ ಎರಡು ವಾರ ದೂರವನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಸಾಕಲ್ಲವೇ ಎಂದು ಕೇಳುವವರಿಗೆ, ಆ ಅಂಕಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಬಂದದ್ದೆಂದು ಹೇಳಿ ಸುಮ್ಮನಾಗುತ್ತೇನೆ.

ನಿಲ್ಲುವುದನ್ನೂ ಅಭ್ಯಾಸ ಮಾಡಬೇಕೆಂಬುದು ನನಗೆ ತಡವಾಗಿ ಹೊಳೆಯಿತು. ಮೊದಲ ವರ್ಷ ಪ್ರತಿ ತಂಗುದಾಣದಲ್ಲಿ ಅರ್ಧ ಗಂಟೆ ಮಾತಿನಲ್ಲೇ ಕಳೆದುಹೋಗಿ, ಏಳುವ ಹೊತ್ತಿಗೆ ಮೀನಖಂಡಗಳು ಮರಗಟ್ಟುತ್ತಿದ್ದವು. ಈ ಬಾರಿ ಮನೆಯಲ್ಲೇ ಗಡಿಯಾರ ಇಟ್ಟುಕೊಂಡು ಶೂ ಬಿಚ್ಚಿ, ಕಾಲು ಒರೆಸಿ, ಪೆಟ್ರೋಲಿಯಂ ಜೆಲ್ಲಿ ಸವರಿ, ಒಣ ಕಾಲುಚೀಲ ಹಾಕಿ ಏಳುವುದನ್ನು ಏಳು ನಿಮಿಷಕ್ಕೆ ಇಳಿಸಿದೆ. ಮನೆಯವರಿಗೆ ಇದು ಒಳ್ಳೆಯ ಮನರಂಜನೆಯಾಗಿತ್ತು. ನಡಿಗೆಯ ದಿನ ನಿಂತದ್ದೆಲ್ಲ ಸೇರಿ ಎರಡೂವರೆ ಗಂಟೆಯಷ್ಟಾಗಿರಬಹುದು.

ಬೊಬ್ಬೆಗಳ ವಿಷಯದಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ನಾಲ್ಕು ವಾರ ಎಡಗಾಲಿಗೆ ಒಂದು ದಪ್ಪ ಕಾಲುಚೀಲ, ಬಲಗಾಲಿಗೆ ಎರಡು ತೆಳು ಕಾಲುಚೀಲ ಹಾಕಿ ನಡೆದೆ. ಬಲಗಾಲು ಗೆದ್ದಿತು, ಆದರೆ ಶೂ ಅರ್ಧ ಅಳತೆ ದೊಡ್ಡದಿದ್ದಾಗ ಮಾತ್ರ. ಹಲವು ಗಂಟೆ ನಡೆದ ಮೇಲೆ ಪಾದ ಊದಿಕೊಳ್ಳುವುದರಿಂದ ಬಿಗಿಯಾದ ಶೂನಲ್ಲಿ ಎರಡನೆಯ ಕಾಲುಚೀಲ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿತು. ಊರುಗೋಲುಗಳು ಸಮತಟ್ಟು ದಾರಿಯಲ್ಲಿ ಹೊರೆಯಷ್ಟೇ ಆದವು, ದೀರ್ಘ ಇಳಿಜಾರುಗಳಲ್ಲಿ ಮಾತ್ರ ತೊಡೆಗಳನ್ನು ಉಳಿಸಿದವು. ಹಿಮ್ಮಡಿಗೆ ನಾನು ಟೇಪ್ ಸುತ್ತುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ; ಮೂರು ಶೂಗಳನ್ನು ಹಾಳುಮಾಡಿಕೊಂಡು ಕಲಿತದ್ದು ಅದು, ಇನ್ನೊಂದು ವರ್ಷ ನನ್ನಲ್ಲೇ ಇರಲಿ.

ನೀರಿನ ವಿಷಯದಲ್ಲಿ ಮೊದಲ ವರ್ಷ ಹೆದರಿಕೆಯಿಂದ ಗಂಟೆಗೆ ಒಂದು ಲೀಟರಿನಷ್ಟು ಬರೀ ನೀರು ಕುಡಿದಿದ್ದೆ. ಬೆರಳುಗಳು ಊದಿ, ಹೊಟ್ಟೆ ತೊಳಸಿತ್ತು. ಮಿತಿಮೀರಿ ಕುಡಿದ ನೀರು ರಕ್ತದ ಸೋಡಿಯಂ ಪ್ರಮಾಣವನ್ನು ಅಪಾಯಕಾರಿಯಾಗಿ ತಗ್ಗಿಸಬಲ್ಲದೆಂದು ಆಮೇಲೆ ವೈದ್ಯರು ಗದರಿಸಿದರು. ಈ ಬಾರಿ ಬಾಯಾರಿದಾಗ ಮಾತ್ರ ಕುಡಿದೆ, ಊಟತಿಂಡಿಯಲ್ಲಿ ಉಪ್ಪನ್ನು ಬಿಡಲಿಲ್ಲ.

ನಸುಕಿನ ಮೂರರಿಂದ ಐದರವರೆಗಿನ ಹೊತ್ತು ಮಾತ್ರ ಈ ಸಲವೂ ಕೆಟ್ಟದಾಗಿಯೇ ಇತ್ತು. ಗಂಟೆಗೆ ಐದು ಕಿಲೋಮೀಟರಿನ ವೇಗ ಮೂರೂವರೆಗೆ ಇಳಿಯಿತು, ತಲೆದೀಪದ ಬೆಳಕಿನ ವೃತ್ತದಲ್ಲಿ ಕಲ್ಲುಗಳು ಅಲುಗಾಡಿದಂತೆ ಕಂಡವು. ಇದೇ ಹೊತ್ತನ್ನು 42ರ ಅಭ್ಯಾಸದಲ್ಲಿ ಒಮ್ಮೆ ಅನುಭವಿಸಿದ್ದರಿಂದ, ಬೆಳಕು ಹರಿದರೆ ಕಾಲು ತಾನಾಗಿ ಹಗುರಾಗುವುದೆಂದು ಗೊತ್ತಿತ್ತು, ಹಾಗೆಯೇ ಆಯಿತು.

ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ ಎರಡು ತಿಂಗಳಲ್ಲಿ ಉದುರಿತು. ಕಿಲೋಮೀಟರಿನ ಲೆಕ್ಕದಲ್ಲಿ ಮಾತು ಕೊಟ್ಟವರು ಈ ಬಾರಿ ಪೂರ್ತಿ 100ಕ್ಕೆ ಕೊಡಬೇಕಾಗಿ ಬಂದದ್ದರಿಂದ ವಸೂಲಿಗೆ ಆರು ವಾರಗಳು ಹಿಡಿದವು. ಇಬ್ಬರದು ಇನ್ನೂ ಬಾಕಿ ಇದೆ, ಅವರಲ್ಲೊಬ್ಬರು ವಾಹನ ನಿಲ್ಲಿಸುವೆನೆಂದವರು.