ಬಚ್ಚಲ ಒಲೆ ಮತ್ತು ಪೆಟ್ರೋಲ್ ಕ್ಯಾನು

ನಮ್ಮ ಮನೆಯಿಂದ ಪೆಟ್ರೋಲ್ ಬಂಕಿಗೆ 14 ಕಿಲೋಮೀಟರ್. ಶಿರಸಿ ಸೀಮೆಯ ಅಡಿಕೆ ತೋಟದವರಿಗೆ ಇದು ಹೊಸ ಮಾತಲ್ಲ. ಹುಲ್ಲು ಹೊಡೆಯುವ ಮಷಿನ್ನು, ಮರ ಕೊಯ್ಯುವ ಗರಗಸ, ಕೊಳೆರೋಗಕ್ಕೆ ಔಷಧ ಹೊಡೆಯುವ ಪಂಪು, ಎಲ್ಲಕ್ಕೂ ಪೆಟ್ರೋಲ್ ಬೇಕು. ಆಳು ಬಂದು ನಿಂತ ಮೇಲೆ ಬಂಕಿಗೆ ಓಡಲಿಕ್ಕಾಗುತ್ತದೆಯೇ? ಹಾಗಾಗಿ ಕಾರಿನ ಶೆಡ್ಡಿನ ಮೂಲೆಯಲ್ಲಿ 10 ಲೀಟರ್ ಯಾವಾಗಲೂ ಇರುತ್ತಿತ್ತು, ಎಂಜಿನ್ ಆಯಿಲ್ ಬಂದಿದ್ದ ಹಳೇ ಪ್ಲಾಸ್ಟಿಕ್ ಕ್ಯಾನಿನಲ್ಲಿ.

ಒಂದು ಏಪ್ರಿಲ್ ಸಂಜೆ, ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದ ಆಯಿ ಕಡ್ಡಿ ಗೀರದೆ ನನ್ನನ್ನು ಕರೆದಳು. “ಎಂತದಾ ಮಾಣಿ, ಬಚ್ಚಲಲ್ಲೂ ಪೆಟ್ರೋಲ್ ವಾಸನೆ ಬತ್ತಾ ಇದ್ದು!”

ಶೆಡ್ಡಿಗೂ ಬಚ್ಚಲಿಗೂ ಒಂದೇ ಗೋಡೆ. ಅದರ ಬುಡದಲ್ಲಿ ನೀರು ಹೋಗಲು ಬಿಟ್ಟ ತೂತು. ಕ್ಯಾನು ಸೆಕೆಗೆ ಉಬ್ಬಿ ಮುಚ್ಚಳದ ಅಂಚಲ್ಲಿ ಜಿನುಗುತ್ತಿತ್ತು. ನೆಲ ಒದ್ದೆಯಾಗಿದ್ದು ಅಂಗೈಯಗಲ ಮಾತ್ರ. ಲೈಟಿನ ಸ್ವಿಚ್ಚನ್ನೂ ಮುಟ್ಟದೆ ದೊಡ್ಡ ಬಾಗಿಲು ತೆಗೆದು, ಕ್ಯಾನನ್ನು ಅಂಗಳದಾಚೆ ಒಯ್ದಿಟ್ಟೆ. ಅವತ್ತು ಎಲ್ಲರಿಗೂ ತಣ್ಣೀರು.

ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಅದು ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಮೇಲೇರದೆ ನೆಲ ಹಿಡಿದು, ತಗ್ಗು ಹುಡುಕಿಕೊಂಡು ಹೋಗುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಕಿಡಿಗೆ ಸಾಕಾಗುವಷ್ಟು ಆವಿ ಏಳುತ್ತದಂತೆ. ನಮ್ಮ ಮಾಗಿಯ ಚಳಿ ಅದಕ್ಕೆ ಯಾವ ಲೆಕ್ಕ! ಶೆಡ್ಡಿನ ಮೇಲುಗಡೆ ಜಾಲರಿ ಇದೆ, ಗಾಳಿ ಆಡುತ್ತದೆ ಎಂದು ನಂಬಿಕೊಂಡಿದ್ದವನು ನಾನು.

ಕಾನೂನು ಏನನ್ನುತ್ತದೆ ಎಂದು ಹುಡುಕಿದ್ದು ಆಮೇಲೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದಿದ್ದರೆ 30 ಲೀಟರ್‌ವರೆಗೆ ಲೈಸೆನ್ಸ್ ಬೇಡ. ಆದರೆ ಗಾಜು ಅಥವಾ ಪಿಂಗಾಣಿಯದಾದರೆ ಪಾತ್ರೆ 1 ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್. ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಜಗಲಿಯಲ್ಲಿಡುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಬೆಂಕಿ ಹಾಗಿರಲಿ, ಬಾಯಾರಿದ ಮಗು ಅದನ್ನೆತ್ತಿ ಕುಡಿದರೆ?

10 ಲೀಟರಿನ ಎರಡು ಕಬ್ಬಿಣದ ಜೆರಿಕ್ಯಾನ್ ತಂದೆ. ಮನೆಯಿಂದ ಹದಿನೈದು ಹೆಜ್ಜೆ ದೂರ, ಮರದ ನೆರಳಿನಲ್ಲಿ ಚಿರೆಕಲ್ಲಿನ ಒಂದು ಗೂಡು ಕಟ್ಟಿಸಿದೆ. ಸೊಂಟದೆತ್ತರ, ಮೇಲೆ ಸಿಮೆಂಟ್ ಹಲಗೆ, ತಗಡಿನ ಬಾಗಿಲು. ಆವಿ ನಿಲ್ಲದೆ ಹೊರಹೋಗಲಿ ಎಂದು ಬುಡದಲ್ಲೇ ನಾಲ್ಕು ತೂತು ಬಿಡಿಸಿದೆ. “ಕೆಳಗೆ ಯಾಕೆ ಒಡೆಯಾ, ಇಲಿ ಬರೋಕಾ?” ಎಂದು ಮೇಸ್ತ್ರಿ ನಕ್ಕ. ಜಾಲರಿ ಹಾಕಿಸಿದೆ. ಪೌಡರಿನ ಅಗ್ನಿಶಾಮಕ ಸಿಲಿಂಡರನ್ನು ಮಾತ್ರ ಗೂಡಿನ ಹತ್ತಿರ ಇಟ್ಟಿಲ್ಲ, ಜಗಲಿಯ ಬಾಗಿಲಲ್ಲಿದೆ. ಬೆಂಕಿ ಬಿದ್ದಾಗ ಬೆಂಕಿಯೊಳಗೆ ಕೈ ಹಾಕಿ ತೆಗೆಯಲಿಕ್ಕಾಗುವುದಿಲ್ಲವಲ್ಲ. ನೀರಂತೂ ಎರಚಲೇಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ.

ಬಂಕಿನಲ್ಲಿ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸುತ್ತೇನೆ, ನಳಿಗೆ ಕ್ಯಾನಿನ ಬಾಯಿಗೆ ತಾಗಿರಬೇಕು. ಡಿಕ್ಕಿಯಲ್ಲೇ ಇಟ್ಟು ತುಂಬಿದರೆ ಹರಿವಿನಿಂದ ಹುಟ್ಟುವ ಸ್ಥಾಯೀ ವಿದ್ಯುತ್ತಿಗೆ ನೆಲಕ್ಕಿಳಿಯುವ ದಾರಿಯಿಲ್ಲ, ಕಿಡಿ ಹಾರಬಹುದು. ಕಂಠಮಟ್ಟ ತುಂಬಿಸುವುದಿಲ್ಲ, ಸೆಕೆಗೆ ಹಿಗ್ಗಲು ನಾಲ್ಕು ಬೆರಳು ಜಾಗ ಬೇಕು.

ಇನ್ನೊಂದು ಪಾಠ ಕಲಿಸಿದ್ದು ಮಳೆಗಾಲ. ಜೂನಿನಲ್ಲಿ ತುಂಬಿಟ್ಟಿದ್ದನ್ನು ನವರಾತ್ರಿ ಕಳೆದ ಮೇಲೆ ಹಾಕಿದರೆ ಮಷಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದರೆ ತಳದಲ್ಲಿ ಬೇರೆಯೇ ಒಂದು ಪದರ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್; ಅದು ತೇವ ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದ್ದಾಯಿತು. ಅಂದಿನಿಂದ ಕ್ಯಾನಿನ ಮೇಲೆ ತಾರೀಖು ಬರೆಯುತ್ತೇನೆ, ತಿಂಗಳು ದಾಟಿದ್ದನ್ನು ಕಾರಿನ ಟ್ಯಾಂಕಿಗೆ ಹಾಕಿ ಮುಗಿಸುತ್ತೇನೆ. ಆಯಿಲ್ ಬೆರೆಸಿದ ಪೆಟ್ರೋಲನ್ನೇ ಕುಡಿಯುವ ಮಷಿನ್ನುಗಳಿಗೆ ಆಯಿಲ್ ಬೆರೆಸುವುದು ಅಂದಂದಿನ ಕೆಲಸಕ್ಕೆ ಬೇಕಾದಷ್ಟಕ್ಕೆ ಮಾತ್ರ. ಬೆರೆಸಿದ್ದು ಕಾರಿಗೂ ಬರುವುದಿಲ್ಲ.

ಗೂಡಿನ ಬೀಗದ ಕೈ ಈಗ ಆಯಿಯ ಹತ್ತಿರ. ಸಂಜೆ ಬಚ್ಚಲ ಒಲೆ ಹೊತ್ತಿದ ಮೇಲೆ ಕೇಳಿದರೆ ಕೊಡುವುದಿಲ್ಲ.