ಸೋಫಾ ಬಟ್ಟೆಗೆ ಕಸ್ಟಮ್ಸ್ ಕೋಡ್ ಹುಡುಕುವುದು ಹೇಗೆ?

ಸಾಗರದಲ್ಲಿ ನಮ್ಮ ಭಾವನ ಸೋಫಾ ಅಂಗಡಿ ಇದೆ. ತೀರ್ಥಹಳ್ಳಿ, ಹೊಸನಗರದ ಕಡೆ ಹೋಂಸ್ಟೇಗಳು ಜಾಸ್ತಿಯಾದ ಮೇಲೆ ಅವರಿಗೆ ಕೈತುಂಬಾ ಕೆಲಸ. ಒಂದು ವರ್ಷ ಧೈರ್ಯ ಮಾಡಿ ಹೊರದೇಶದಿಂದ ನೇರವಾಗಿ ಬಟ್ಟೆ ತರಿಸಿದರು. ಇನ್‌ವಾಯ್ಸ್‌ನಲ್ಲಿ ‘ವೆಲ್ವೆಟ್ ಸೋಫಾ ಬಟ್ಟೆ’ ಅಂತ ಇತ್ತು. ಕಸ್ಟಮ್ಸ್ ಕಾಗದಪತ್ರ ಮಾಡಿಕೊಡುವ ಏಜೆಂಟರು ಅದನ್ನೇ ನೋಡಿ ನೇಯ್ದ ವೆಲ್ವೆಟ್‌ನ ಕೋಡ್ ಬರೆದರು. ಬಂದರಿನಲ್ಲಿ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಿದಾಗ ಗೊತ್ತಾಯಿತು: ಅದು ನೇಯ್ದ ಬಟ್ಟೆಯೇ ಅಲ್ಲ, ಹೆಣೆದದ್ದು. ಕೋಡ್ ತಿದ್ದಿಸುವಷ್ಟರಲ್ಲಿ ರೋಲುಗಳು ಗೋದಾಮಿನಲ್ಲೇ ಕೂತವು. ಬಾಡಿಗೆ ಭಾವನ ತಲೆಗೆ ಬಂತು.

ಅವತ್ತಿನಿಂದ ನಾನು ಈ ವಿಷಯ ಓದುತ್ತಾ ಬಂದಿದ್ದೇನೆ. ಅಂಗಡಿಯಲ್ಲಿ ಕರೆಯುವ ಹೆಸರಿಗೆ ಕಸ್ಟಮ್ಸ್‌ನಲ್ಲಿ ಬೆಲೆ ಇಲ್ಲ. ಅಲ್ಲಿ ನೋಡುವುದು ಬಟ್ಟೆಯ ಮೈಯನ್ನು. ಸುಂಕದ ಪಟ್ಟಿಯ ನಾಲ್ಕಂಕಿಯ ಶೀರ್ಷಿಕೆಗಳಲ್ಲಿ ‘ಸೋಫಾ ಬಟ್ಟೆ’ ಅನ್ನುವುದು ಎಲ್ಲೂ ಸಿಗುವುದಿಲ್ಲ.

ಪಟ್ಟಿಯ ಪರಿಚಯ ಸ್ವಲ್ಪ ಬೇಕು. ನಮ್ಮಲ್ಲಿ ಕೋಡ್‌ಗೆ 8 ಅಂಕಿ. ಮೊದಲ 6 ಅಂಕಿ ಜಗತ್ತಿಗೆಲ್ಲ ಒಂದೇ. 1988ರಿಂದ ಜಾರಿಯಲ್ಲಿರುವ ಹಾರ್ಮೊನೈಸ್ಡ್ ಸಿಸ್ಟಮ್ ಅಂದರೆ ಎಚ್‌ಎಸ್ ಪದ್ಧತಿ ಅದು. ಕೊನೆಯ ಎರಡು ಅಂಕಿ ನಮ್ಮ ದೇಶದ್ದು, 1975ರ ಕಸ್ಟಮ್ಸ್ ಟಾರಿಫ್ ಕಾಯ್ದೆಯ ಪಟ್ಟಿಯಲ್ಲಿವೆ. ಬಟ್ಟೆಬರೆ ಎಲ್ಲ ಅಧ್ಯಾಯ 50ರಿಂದ 63ರೊಳಗೆ ಬರುತ್ತದೆ.

ಮೊದಲ ಹೆಜ್ಜೆ: ಒಂದು ನೂಲು ಎಳೆಯಿರಿ

ತುಂಡಿನ ಅಂಚಿನಿಂದ ಸೂಜಿಯಲ್ಲಿ ನೂಲು ಬಿಡಿಸಿ. ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ ನೇರವಾಗಿ ಬಿಚ್ಚಿಕೊಂಡರೆ ಅದು ಮಗ್ಗದಲ್ಲಿ ನೇಯ್ದ ಬಟ್ಟೆ. ಸ್ವೆಟರ್‌ನ ಹಾಗೆ ಕುಣಿಕೆ ಕುಣಿಕೆಯಾಗಿ ಕಂಡರೆ ಹೆಣೆದದ್ದು, ಅಧ್ಯಾಯ 60ಕ್ಕೆ ಹೋಗುತ್ತದೆ. ಜುಂಗು, ಅಂದರೆ ಮೇಲೆ ಎದ್ದು ನಿಂತ ಮೆತ್ತನೆ ಎಳೆ ಇರುವ ಬಟ್ಟೆಯಾದರೆ ಬೆನ್ನಿನ ಕಡೆ ಭೂತಗನ್ನಡಿ ಹಿಡಿದು ನೋಡಿ. ಮುಂದಿನಿಂದ ಏನೂ ತಿಳಿಯುವುದಿಲ್ಲ.

‘ವೆಲ್ವೆಟ್’ ಅಂತ ಬರುವ ಬಟ್ಟೆ ಮೂರು ಜಾತಿಯದಿರಬಹುದು. ನೇಯ್ದು ಜುಂಗು ಎಬ್ಬಿಸಿದ್ದು 5801. ಹೆಣೆದ ಜುಂಗಿನದು 6001. ಬಟ್ಟೆಗೆ ಅಂಟು ಬಳಿದು ಸಣ್ಣ ನಾರಿನ ಪುಡಿ ಉದುರಿಸಿದ್ದು 5907. ಕೈಯಲ್ಲಿ ಸವರಿದರೆ ಮೂರೂ ಒಂದೇ ಥರ ಇರುತ್ತವೆ. ಭಾವ ಸಿಕ್ಕಿಕೊಂಡದ್ದು ಇಲ್ಲೇ. ಕಂಬಳಿಹುಳುವಿನ ಹಾಗೆ ಮೆತ್ತಗಿನ ಶನೀಲ್ ನೂಲಿನಿಂದ ನೇಯ್ದ ಬಟ್ಟೆಯೂ 5801ರಲ್ಲೇ ಬರುತ್ತದೆ.

ಎರಡನೆಯದು: ಬೆನ್ನು ತಿರುಗಿಸಿ

ಸೋಫಾ ಬಟ್ಟೆಯ ಹಿಂದೆ ಪ್ಲಾಸ್ಟಿಕ್ ಲೇಪ ಇರುವುದು ಮಾಮೂಲು. ಆ ಲೇಪ ಬರಿಗಣ್ಣಿಗೆ ಕಾಣುತ್ತದೆಯೇ? ಕಂಡರೆ 5903. ರೆಕ್ಸಿನ್ ಬರುವುದೂ ಇದೇ ಶೀರ್ಷಿಕೆಯಲ್ಲಿ. ನೇಯ್ದ ವೆಲ್ವೆಟ್‌ಗೂ ಇಂಥ ಲೇಪ ಇದ್ದರೆ ಅದು 5801 ಬಿಟ್ಟು ಅಧ್ಯಾಯ 59ಕ್ಕೆ ಹೋಗುತ್ತದೆ. ಹೆಣೆದ ಜುಂಗಿನ ಬಟ್ಟೆ ಮಾತ್ರ ಲೇಪ ಇದ್ದರೂ 6001ರಲ್ಲೇ ಉಳಿಯುತ್ತದೆ.

ಲೇಪದಿಂದ ಬಣ್ಣ ಸ್ವಲ್ಪ ಬದಲಾಗಿದೆ ಅನ್ನುವುದು ಲೆಕ್ಕಕ್ಕಿಲ್ಲ. ಲೇಪವೇ ಕಾಣಬೇಕು. ಕಾಣದಿದ್ದರೆ ಲೇಪ ಇಲ್ಲದ ಬಟ್ಟೆ ಅಂತಲೇ ಮುಂದುವರಿಯಿರಿ. ತಕರಾರು ಜಾಸ್ತಿ ಏಳುವುದು ಇಲ್ಲೇ. ಹಾಗಾಗಿ ಹಗಲು ಬೆಳಕಿನಲ್ಲಿ ನೋಡಿ, ಬೆನ್ನಿನ ಫೋಟೊ ತೆಗೆದಿಡಿ.

ಮೂರನೆಯದು: ಯಾವ ನಾರು, ಎಷ್ಟು ತೂಕ

ಜುಂಗೂ ಇಲ್ಲ, ಲೇಪವೂ ಇಲ್ಲ ಅಂದರೆ ನಾರು ನೋಡಬೇಕು. ಹತ್ತಿ 52, ಲಿನನ್ ಮತ್ತು ಸೆಣಬು 53, ಪಾಲಿಯೆಸ್ಟರ್‌ನಂಥವುಗಳ ಉದ್ದ ಎಳೆ ಅಂದರೆ ಫಿಲಮೆಂಟ್ 54, ಕತ್ತರಿಸಿದ ಸಣ್ಣ ನಾರು ಅಂದರೆ ಸ್ಟೇಪಲ್ 55. ಮನೆಯಲ್ಲೇ ನೂಲು ಸುಟ್ಟು ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಅಂದಾಜಿಗೆ ಸಾಕು. ಶೇಕಡಾ ಲೆಕ್ಕಕ್ಕೆ ಲ್ಯಾಬ್ ವರದಿಯೇ ಬೇಕು.

ಮಿಶ್ರ ಬಟ್ಟೆಯಲ್ಲಿ ಯಾವ ನಾರಿನ ತೂಕ ಹೆಚ್ಚೋ ಆ ಅಧ್ಯಾಯ. ಆದರೆ ಒಂದು ಉದಾಹರಣೆ ನೋಡಿ. ಹತ್ತಿ 45%, ಪಾಲಿಯೆಸ್ಟರ್ ಫಿಲಮೆಂಟ್ 30%, ಪಾಲಿಯೆಸ್ಟರ್ ಸ್ಟೇಪಲ್ 25%. ಹತ್ತಿಯೇ ಜಾಸ್ತಿ ಇದೆ, ಅಲ್ವಾ? ಆದರೂ ಇದು ಹತ್ತಿ ಬಟ್ಟೆ ಅಲ್ಲ. ಬೇರೆ ಅಧ್ಯಾಯದ ನಾರಿನ ಎದುರು 54 ಮತ್ತು 55ನ್ನು ಒಂದೇ ಅಧ್ಯಾಯ ಅಂತ ಎಣಿಸಬೇಕು. ಆಗ 55%, ಹತ್ತಿಯನ್ನು ಮೀರಿತು. ಆ ಎರಡರಲ್ಲಿ ಫಿಲಮೆಂಟ್ ಹೆಚ್ಚು. ಹಾಗಾಗಿ 5407. ಇನ್ನು ಹತ್ತಿ, ಸ್ಟೇಪಲ್ ಪಾಲಿಯೆಸ್ಟರ್ ಸರಿಯಾಗಿ ಅರ್ಧರ್ಧ ಇದ್ದರೆ? ಪಟ್ಟಿಯಲ್ಲಿ ಕೊನೆಗೆ ಬರುವುದು ಗೆಲ್ಲುತ್ತದೆ, ಅಂದರೆ 55.

ಆಮೇಲೆ ತೂಕ. ಹತ್ತಿ 85% ಅಥವಾ ಅದಕ್ಕೂ ಹೆಚ್ಚಿದ್ದರೆ, ಚದರ ಮೀಟರಿಗೆ 200 ಗ್ರಾಂವರೆಗೆ 5208, ಅದಕ್ಕಿಂತ ಹೆಚ್ಚಾದರೆ 5209. ಸಿಂಥೆಟಿಕ್ ಸ್ಟೇಪಲ್ 85%ಕ್ಕಿಂತ ಕಡಿಮೆ ಇದ್ದು ಜೊತೆಗೆ ಮುಖ್ಯವಾಗಿ ಹತ್ತಿ ಸೇರಿದ್ದರೆ ಗೆರೆ 170 ಗ್ರಾಂ: ಅಲ್ಲಿಯವರೆಗೆ 5513, ದಾಟಿದರೆ 5514. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ, ಚಿನ್ನದ ಅಂಗಡಿಯಂಥ ತಕ್ಕಡಿಯಲ್ಲಿ ತೂಗಿ, ನೂರರಿಂದ ಗುಣಿಸಿ.

ನಮ್ಮ ಕಡೆಯವರಿಗೆ ಇಲ್ಲೊಂದು ಎಚ್ಚರಿಕೆ. ಆಷಾಢದ ಮಳೆಯಲ್ಲಿ ತೂಗಬೇಡಿ. ಹತ್ತಿ ತೇವ ಹೀರುತ್ತದೆ. 196 ಗ್ರಾಂ ಬರಬೇಕಾದದ್ದು 200 ದಾಟಿಬಿಡಬಹುದು. ಪಾಲಿಯೆಸ್ಟರ್‌ಗೆ ಆ ಭಯ ಅಷ್ಟಿಲ್ಲ. ಗೆರೆಯ ಹತ್ತಿರ ಬಂದರೆ ಲ್ಯಾಬ್‌ಗೆ ಕೊಡುವುದೇ ವಾಸಿ.

ಉಳಿದದ್ದು ಬಣ್ಣ. ಬಟ್ಟೆ ಬಿಳುಪು ಮಾಡಿದ್ದೋ, ಬಣ್ಣ ಹಾಕಿದ್ದೋ, ಬೇರೆ ಬೇರೆ ಬಣ್ಣದ ನೂಲಿನಿಂದ ನೇಯ್ದದ್ದೋ, ಪ್ರಿಂಟ್ ಮಾಡಿದ್ದೋ ಎನ್ನುವುದರ ಮೇಲೆ ಮುಂದಿನ ಅಂಕಿ ಬದಲಾಗುತ್ತದೆ. ಜಕಾರ್ಡ್ ಹೂವು ಪ್ರಿಂಟ್ ಅಲ್ಲ, ಅದು ನೇಯ್ಗೆ.

ಸುಂಕದ ಲೆಕ್ಕ

ಸಾಗಣೆ, ವಿಮೆ ಸೇರಿ ಮಾಲಿನ ಬೆಲೆ 1,00,000 ರೂಪಾಯಿ, ಮೂಲ ಸುಂಕ 20% ಅಂತ ಇಟ್ಟುಕೊಳ್ಳಿ. ಸುಂಕ 20,000. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 2,000. ಒಟ್ಟು 1,22,000ದ ಮೇಲೆ 5% ಆಮದು ಜಿಎಸ್‌ಟಿ ಅಂದರೆ ಐಜಿಎಸ್‌ಟಿ, 6,100. ಎಲ್ಲ ಸೇರಿ 28,100. ಕೆಲವು ಬಟ್ಟೆಗೆ ‘ಇಷ್ಟು ಶೇಕಡಾ, ಇಲ್ಲವೇ ಚದರ ಮೀಟರಿಗೆ ಇಷ್ಟು ರೂಪಾಯಿ, ಯಾವುದು ಹೆಚ್ಚೋ ಅದು’ ಅಂತ ಇರುತ್ತದೆ. ಕಡಿಮೆ ಬೆಲೆಯ ಬಟ್ಟೆ ತರುವವರು ಇದನ್ನು ತಪ್ಪದೆ ನೋಡಿ. ದರ ಬಜೆಟ್‌ನಲ್ಲಿ ಬದಲಾಗುತ್ತಿರುತ್ತದೆ, ಮಾಲು ಬರುವ ದಿನದ್ದನ್ನೇ ತೆಗೆದುಕೊಳ್ಳಿ.

ಆರ್ಡರ್ ಕೊಡುವ ಮೊದಲೇ

2011ರಿಂದ ಕೋಡ್ ಬರೆದು ಸುಂಕ ಲೆಕ್ಕ ಹಾಕುವ ಹೊಣೆ ತರಿಸುವವರದ್ದೇ. ಏಜೆಂಟರು ಬರೆದರೂ ಹೊಣೆ ನಿಮ್ಮದು. ಅದಕ್ಕೇ ಮಾರುವವರಿಂದ ನಾಲ್ಕು ವಿಷಯ ಬರೆಸಿಕೊಳ್ಳಿ: ನೇಯ್ದದ್ದೋ ಹೆಣೆದದ್ದೋ, ನಾರಿನ ಶೇಕಡಾ, ಚದರ ಮೀಟರಿನ ತೂಕ, ಬೆನ್ನಿನ ಲೇಪ ಯಾವುದು. ಇನ್‌ವಾಯ್ಸ್‌ನಲ್ಲೂ ಅದೇ ಇರಲಿ. ಸುಮ್ನೆ ‘ವೆಲ್ವೆಟ್’ ಅಂತ ಬರೆದು ಕಳಿಸಿದರೆ ಒಪ್ಪಬೇಡಿ. ಹಾನಿಕರ ಅಜೋ ಬಣ್ಣ ಇಲ್ಲ ಅನ್ನುವ ಲ್ಯಾಬ್ ಸರ್ಟಿಫಿಕೇಟನ್ನೂ ಅವರಿಂದಲೇ ತರಿಸಿಕೊಳ್ಳಿ. ಇಲ್ಲದಿದ್ದರೆ ಆ ಪರೀಕ್ಷೆಗೂ ಇಲ್ಲಿ ಸ್ಯಾಂಪಲ್ ತೆಗೆಯಬಹುದು.

ಒಂದೇ ಬಟ್ಟೆ ಮತ್ತೆ ಮತ್ತೆ ತರಿಸುವವರಾದರೆ ಕಸ್ಟಮ್ಸ್‌ನ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ದೆಹಲಿ, ಮುಂಬೈಯಲ್ಲಿವೆ. ಶುಲ್ಕ 10,000 ರೂಪಾಯಿ. ನಿಮ್ಮ ಬಟ್ಟೆಗೆ ಯಾವ ಕೋಡ್ ಅಂತ ಅವರೇ ಬರೆದು ಕೊಡುತ್ತಾರೆ. ಕಾನೂನು ಬದಲಾಗದಿದ್ದರೆ ಅದು ಕೆಲವು ವರ್ಷ ನಡೆಯುತ್ತದೆ.

ಭಾವ ಈಗ ಮೊದಲು ಕೊರಿಯರ್‌ನಲ್ಲಿ ಒಂದು ಅಡಿ ಬಟ್ಟೆ ತರಿಸಿಕೊಳ್ಳುತ್ತಾರೆ. ಅಂಗಡಿಯ ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿ, ಸೂಜಿಯಲ್ಲಿ ನೂಲು ಎಳೆಯುತ್ತಾರೆ. ಆರ್ಡರ್ ಆಮೇಲೆ.